ಡೊನಾಳ ಅಡುಗೆಮನೆಯಲ್ಲಿ ಕೇಳಬಾರದಿದ್ದ ಪ್ರಶ್ನೆ

ಟೈಮರ್ ಮೊಳಗುತ್ತದೆ. ಅದು ಯಾವ ಪಾತ್ರೆಗೆ ಇಟ್ಟ ಟೈಮರ್ ಎಂಬುದು ಡೊನಾಳಿಗೆ ಮಾತ್ರ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೂ ಗೊತ್ತಿಲ್ಲವೇನೋ ಎನ್ನಿಸತೊಡಗುತ್ತದೆ. ಕೈಯಲ್ಲಿ ಸಿಗರೇಟು, ಪಕ್ಕದಲ್ಲಿ ವೈನ್ ಲೋಟ, ಒಲೆಯ ಸುತ್ತ ಚೆಲ್ಲಿದ ಟೊಮ್ಯಾಟೊ ಸಾಸು. ಒಳಗೆ ಬಂದವರನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಮುದ್ದಿಸುತ್ತಾಳೆ, ಬೈಯುತ್ತಾಳೆ, ಹೊರಗಟ್ಟುತ್ತಾಳೆ. ಮತ್ತೊಂದು ಟೈಮರ್ ಮೊಳಗುತ್ತದೆ. ‘ದಿ ಬೇರ್’ ಧಾರಾವಾಹಿಯ ಎರಡನೆಯ ಸೀಸನ್ನಿನ ಆರನೆಯ ಕಂತನ್ನು ನೋಡಿದವರು ಬೇರೆ ಏನನ್ನು ಮರೆತರೂ ಈ ಸದ್ದನ್ನು ಮರೆಯುವುದಿಲ್ಲ.

‘ಫಿಶಸ್’ ಎಂಬ ಹೆಸರಿನ ಈ ಕಂತು 2023ರ ಜೂನ್‌ನಲ್ಲಿ, ಆ ಸೀಸನ್ನಿನ ಉಳಿದ ಒಂಬತ್ತು ಕಂತುಗಳ ಜೊತೆಯಲ್ಲೇ ಬಿಡುಗಡೆಯಾಯಿತು. ಕ್ರಿಸ್ಟೊಫರ್ ಸ್ಟೋರರ್ ರೂಪಿಸಿದ ಈ ಧಾರಾವಾಹಿ ಮೂಲತಃ ಷಿಕಾಗೊದ ಒಂದು ಹಳೆಯ ಸ್ಯಾಂಡ್‌ವಿಚ್ ಅಂಗಡಿಯ ಕಥೆ. ಅಣ್ಣ ಮೈಕಿ ಆತ್ಮಹತ್ಯೆ ಮಾಡಿಕೊಂಡ ಮೇಲೆ, ಜಗತ್ತಿನ ದೊಡ್ಡ ದೊಡ್ಡ ರೆಸ್ಟೋರೆಂಟುಗಳಲ್ಲಿ ಪಳಗಿದ ತಮ್ಮ ಕಾರ್ಮಿ ಊರಿಗೆ ಮರಳಿ ಅಂಗಡಿಯನ್ನು ವಹಿಸಿಕೊಳ್ಳುತ್ತಾನೆ. ಎರಡನೆಯ ಸೀಸನ್ನಿನಲ್ಲಿ ಅದನ್ನು ಕೆಡವಿ ಹೊಸ ರೆಸ್ಟೋರೆಂಟು ಕಟ್ಟಲು ಹೊರಡುತ್ತಾನೆ. ಹಾಗೆ ಕಟ್ಟುತ್ತಿರುವ ನಡುವೆಯೇ ಕಥೆ ಥಟ್ಟನೆ ಸುಮಾರು ಐದು ವರ್ಷ ಹಿಂದಕ್ಕೆ ಹೋಗುತ್ತದೆ. ಅದು ಕ್ರಿಸ್‌ಮಸ್‌ನ ಹಿಂದಿನ ರಾತ್ರಿ. ಮೈಕಿ ಇನ್ನೂ ಬದುಕಿದ್ದಾನೆ. ತಾಯಿ ಡೊನಾ ಇಟಾಲಿಯನ್ ಅಮೆರಿಕನ್ ಕುಟುಂಬಗಳ ಸಂಪ್ರದಾಯದಂತೆ ಏಳು ಬಗೆಯ ಮೀನಿನ ಔತಣ ಮಾಡುತ್ತಿದ್ದಾಳೆ. ಹಬ್ಬದ ಹಿಂದಿನ ದಿನ ಮಾಂಸ ತಿನ್ನಬಾರದೆಂಬ ಕ್ಯಾಥೊಲಿಕ್ ನೇಮದಿಂದ ಹುಟ್ಟಿದ ಊಟವದು. ರೆಸ್ಟೋರೆಂಟಿನ ಕಥೆ ಹೇಳುವ ಧಾರಾವಾಹಿಯಲ್ಲಿ ಜನ ಅತಿ ಹೆಚ್ಚು ಚರ್ಚಿಸಿದ ಕಂತುಗಳಲ್ಲಿ ಒಂದಾದ ಇದರಲ್ಲಿ ರೆಸ್ಟೋರೆಂಟೇ ಇಲ್ಲ, ಒಂದು ಮನೆಯ ಅಡುಗೆಮನೆ ಮತ್ತು ಊಟದ ಮೇಜು ಮಾತ್ರ ಇವೆ.

ಈ ಕಂತಿಗೆ ನೋಡುಗರು ತೋರಿದ ಪ್ರತಿಕ್ರಿಯೆಯ ಕುರಿತು ನನಗೆ ಮೊದಲಿನಿಂದಲೂ ಕುತೂಹಲ. ‘ಚೆನ್ನಾಗಿತ್ತು’, ‘ಚೆನ್ನಾಗಿರಲಿಲ್ಲ’ ಎಂಬ ಮಾತುಗಳನ್ನು ನಾನು ಕೇಳಿದ್ದು ಕಡಿಮೆ. ನಡುವೆ ನಿಲ್ಲಿಸಿ ಹೊರಗೆ ಹೋಗಿ ಬಂದೆ ಎಂದವರಿದ್ದಾರೆ, ಎರಡು ದಿನಗಳಲ್ಲಿ ಅಷ್ಟಷ್ಟಾಗಿ ನೋಡಿ ಮುಗಿಸಿದವರಿದ್ದಾರೆ, ‘ಇದು ನಮ್ಮ ಮನೆ’ ಎಂದು ಒಂದೇ ಮಾತು ಹೇಳಿ ಸುಮ್ಮನಾದವರಿದ್ದಾರೆ. ಅರವತ್ತಾರು ನಿಮಿಷ ಒಂದು ಕಂತಿಗೆ ಹೆಚ್ಚಾಯಿತು ಎಂದ ಒಬ್ಬರನ್ನು ಯಾವುದನ್ನು ಕತ್ತರಿಸಬಹುದಿತ್ತು ಎಂದು ಕೇಳಿದಾಗ ಅವರಿಗೆ ಉತ್ತರ ಹೊಳೆಯಲಿಲ್ಲ. ಇಷ್ಟಾದ ಮೇಲೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಡೊನಾಳ ಮುಂದೆ. ಅವಳು ಮಕ್ಕಳನ್ನು ಹಾಳುಮಾಡಿದ ತಾಯಿ ಎಂದು ಕೆಲವರು, ಯಾರೂ ಕೈಹಿಡಿಯದ ಕಾಯಿಲೆಯ ಹೆಂಗಸು ಎಂದು ಕೆಲವರು. ನಾನು ಈ ಕಂತನ್ನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ನನ್ನ ತೀರ್ಪು ಬೇರೆಯಾಗಿತ್ತು ಎಂಬುದೇ ಈ ಬರಹಕ್ಕೆ ಕಾರಣ.

ಮೊದಲ ಸಲ ಒಬ್ಬನೇ ನೋಡಿದೆ, ರಾತ್ರಿ. ಆಗ ನನ್ನ ಸಿಟ್ಟೆಲ್ಲ ಡೊನಾಳ ಮೇಲೆ. ಜೊತೆಗೆ ಒಂದು ಅಸಮಾಧಾನವೂ ಇತ್ತು: ಬಾಗಿಲು ತೆರೆದಾಗಲೆಲ್ಲ ಒಬ್ಬ ಪ್ರಸಿದ್ಧ ನಟ ಒಳಗೆ ಬರುತ್ತಿದ್ದ. ಡೊನಾ ಆಗಿ ಜೇಮೀ ಲೀ ಕರ್ಟಿಸ್, ಲೀ ಮಾವನಾಗಿ ಬಾಬ್ ಓಡನ್‌ಕರ್ಕ್, ಮಿಶೆಲ್ ಆಗಿ ಸಾರಾ ಪಾಲ್ಸನ್, ಅವಳ ಸಂಗಾತಿ ಸ್ಟೀವಿಯಾಗಿ ಜಾನ್ ಮುಲೇನಿ. ಮೊದಲ ಹದಿನೈದು ನಿಮಿಷ ನಾನು ಕಥೆ ನೋಡುವುದಕ್ಕಿಂತ ಮುಖಗಳನ್ನು ಗುರುತಿಸುತ್ತಾ ಕುಳಿತಿದ್ದೆ. ಇದು ಹಲವರು ಎತ್ತಿದ ಆಕ್ಷೇಪವೇ, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಎರಡನೆಯ ಸಲ ನೋಡುವಾಗ ಆ ತೊಂದರೆ ತಾನಾಗಿಯೇ ಕರಗಿತು. ಪ್ರತಿಯೊಬ್ಬರೂ ತಮ್ಮ ಪ್ರತಿಷ್ಠೆಯನ್ನು ಹೊತ್ತುಕೊಂಡೇ ಬಂದು, ಇರುವ ಜಾಗವನ್ನೆಲ್ಲ ತುಂಬಿ, ಮನೆಯ ಮಕ್ಕಳಿಗೆ ನಿಲ್ಲಲು ಮೂಲೆಯನ್ನಷ್ಟೇ ಉಳಿಸುವುದು ನೆಂಟರು ಸೇರಿದ ಮನೆಯ ಲಕ್ಷಣವೇ ಅಲ್ಲವೇ ಎನ್ನಿಸಿತು.

ಆ ಎರಡನೆಯ ಸಲ ನನ್ನ ಜೊತೆಗಿದ್ದವನು ರೆಸ್ಟೋರೆಂಟಿನ ಅಡುಗೆಮನೆಗಳಲ್ಲಿ ಒಂಬತ್ತು ವರ್ಷ ದುಡಿದು ಬಿಟ್ಟ ಗೆಳೆಯ. ಮೊದಲ ಸೀಸನ್ನಿನ ಏಳನೆಯ ಕಂತಾದ ‘ರಿವ್ಯೂ’ವನ್ನು ಅವನು ಪೂರ್ತಿ ನೋಡಿಲ್ಲ. ಇಪ್ಪತ್ತು ನಿಮಿಷದಷ್ಟಿರುವ ಆ ಕಂತಿನ ಬಹುಪಾಲು ಒಂದೇ ಶಾಟ್‌ನಲ್ಲಿ ಚಿತ್ರಿತವಾಗಿದೆ. ಮುಂಗಡ ಆರ್ಡರ್ ತೆಗೆದುಕೊಳ್ಳುವ ವ್ಯವಸ್ಥೆಯನ್ನು ಮುಚ್ಚಲು ಮರೆತ ಕಾರಣ, ಅಂಗಡಿ ತೆರೆಯುವ ಮೊದಲೇ ಚೀಟಿ ಮುದ್ರಿಸುವ ಪುಟ್ಟ ಯಂತ್ರ ನಿಲ್ಲದೆ ಕಟಕಟ ಎನ್ನತೊಡಗುತ್ತದೆ. ಆ ಕಟಕಟ ಶುರುವಾಗುತ್ತಿದ್ದಂತೆ ಗೆಳೆಯ ಎದ್ದು ಹೋಗಿದ್ದ. ಅಡುಗೆಮನೆಯಲ್ಲಿ ದುಡಿದ ಬಹಳ ಮಂದಿ ಇದನ್ನೇ ಹೇಳಿದ್ದಾರೆ: ಕೂಗಾಟ, ಕೈತಪ್ಪಿ ತಗುಲಿದ ಚಾಕು, ನೆಲಕ್ಕೆ ಬಿದ್ದ ಡೋನಟ್, ಇವೆಲ್ಲವನ್ನೂ ನೋಡಬಹುದು, ಆ ಯಂತ್ರದ ಸದ್ದನ್ನು ಮಾತ್ರ ಕೇಳಲಾಗದು. ಕೆಲಸ ಬಿಟ್ಟು ವರ್ಷಗಳಾದರೂ ಅದು ಕನಸಿನಲ್ಲಿ ಬರುತ್ತದೆ ಎಂದು ಗೆಳೆಯನೂ ಹೇಳಿದ್ದ.

‘ಫಿಶಸ್’ ನೋಡುವಾಗ ಅವನು ಡೊನಾಳ ಮುಖವನ್ನು ನೋಡಲೇ ಇಲ್ಲ. ಅವಳ ಒಲೆಯನ್ನು ನೋಡಿದ. ಏಳು ಬಗೆಯ ಅಡುಗೆ, ಒಬ್ಬಳೇ ಹೆಂಗಸು, ಎಲ್ಲವೂ ಒಂದೇ ಹೊತ್ತಿಗೆ ಮೇಜಿಗೆ ಹೋಗಬೇಕು. ‘ಇದು ಐದಾರು ಜನರ ಕೆಲಸ’ ಎಂದ. ಆಮೇಲೆ ಹೇಳಿದ ಮಾತು ನನ್ನೊಳಗೆ ಉಳಿದುಬಿಟ್ಟಿತು. ‘ಇವಳಿಗೆ ಸಹಾಯಕ್ಕಿಂತ ಮೊದಲು ಬೇಕಾದದ್ದು ಎಕ್ಸ್‌ಪೋ. ಯಾವುದಕ್ಕೆ ಎಷ್ಟು ನಿಮಿಷ ಬಾಕಿ ಎಂದು ಹೊರಗೆ ನಿಂತು ಕೂಗಿ ಹೇಳುವವರೊಬ್ಬರು ಬೇಕು. ಇಲ್ಲಿ ಅದನ್ನು ಹೇಳುತ್ತಿರುವುದು ಟೈಮರ್‌ಗಳು ಮಾತ್ರ, ಅವು ಒಂದರ ಮೇಲೊಂದು ಕಿರುಚುತ್ತಿವೆ.’

ನನಗೆ ಆಗ ‘ದಿ ಬೇರ್’ ಮೊದಲ ಸೀಸನ್ನಿನಲ್ಲಿ ಕಲಿಸಿದ ಭಾಷೆ ನೆನಪಾಯಿತು. ತಿರುವಿನಲ್ಲಿ ಬರುವವರು ‘ಕಾರ್ನರ್’ ಎನ್ನುತ್ತಾರೆ, ಇನ್ನೊಬ್ಬರ ಬೆನ್ನ ಹಿಂದೆ ಹಾಯುವವರು ‘ಬಿಹೈಂಡ್’ ಎನ್ನುತ್ತಾರೆ, ಸಿದ್ಧವಾದ ತಟ್ಟೆಯನ್ನು ಒಯ್ಯಲು ಜನ ಬೇಕಾದಾಗ ‘ಹ್ಯಾಂಡ್ಸ್’ ಎಂದು ಕೂಗುತ್ತಾರೆ, ಹೇಳಿದ್ದು ಕಿವಿಗೆ ಬಿತ್ತೆಂದು ತಿಳಿಸಲು ‘ಹರ್ಡ್’ ಎನ್ನುತ್ತಾರೆ. ಇದನ್ನು ಬರೀ ಒರಟು ಗದ್ದಲವೆಂದು ತಿಳಿದ ನೋಡುಗರಿದ್ದಾರೆ, ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ಪದಗಳಲ್ಲಿ ಒಂದು ದೊಡ್ಡ ಸೌಜನ್ಯ ಅಡಗಿದೆ. ಕುದಿಯುವ ಎಣ್ಣೆ ಹಿಡಿದು ಬರುವವನು ತಾನೆಲ್ಲಿದ್ದೇನೆ ಎಂಬುದನ್ನು ಉಳಿದವರಿಗೆ ಊಹಿಸಲು ಬಿಡುವುದಿಲ್ಲ, ತಾನೇ ಹೇಳಿಬಿಡುತ್ತಾನೆ. ಕೇಳುವ ಪ್ರಶ್ನೆಗಳೂ ಹಾಗೆಯೇ: ಎಷ್ಟು ಹೊತ್ತು, ಏನು ಬೇಕು. ‘ನೀನು ಚೆನ್ನಾಗಿದ್ದೀಯಾ’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಊಟದ ಹೊತ್ತಿನಲ್ಲಿ ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಲು ಯಾರಿಗೂ ಬಿಡುವಿರುವುದಿಲ್ಲ.

ಡೊನಾಳ ಮಗಳು ನ್ಯಾಟಲಿ ಕೇಳುವುದು ಸರಿಯಾಗಿ ಇದೇ ಪ್ರಶ್ನೆಯನ್ನು. ಅಬಿ ಎಲಿಯಟ್ ನಟಿಸಿರುವ ಈ ಪಾತ್ರವನ್ನು ಮನೆಯವರೆಲ್ಲ ಶುಗರ್ ಎಂದು ಕರೆಯುತ್ತಾರೆ. ಕೇಳಿದರೆ ಏನಾಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಕೇಳುತ್ತಾಳೆ. ಅಷ್ಟು ಹೊತ್ತಿಗೆ ಮೇಜಿನ ಸುತ್ತ ಎಲ್ಲರೂ ಕುಳಿತಿದ್ದಾರೆ. ಎಲ್ಲರೂ ಹಲವು ಸಲ ಕೇಳಿರುವ ಕಥೆಯನ್ನೇ ಹೇಳಹೊರಟ ಮೈಕಿಯನ್ನು ಲೀ ಚುಚ್ಚಿ, ಮೈಕಿ ಅವನ ಮೇಲೆ ಫೋರ್ಕುಗಳನ್ನು ಎಸೆದು, ಗಾಳಿಯೇ ಬಿಗಿದುಕೊಂಡಿದೆ. ಹೊರಗಿನವನಾದ ಸ್ಟೀವಿ ಹೇಳಿದ ಪ್ರಾರ್ಥನೆ ಎಲ್ಲರನ್ನೂ ಒಂದು ಗಳಿಗೆ ಮೆತ್ತಗಾಗಿಸಿದೆ. ಕೊನೆಗೂ ಕುಳಿತ ಡೊನಾಳ ಕಣ್ಣು ತುಂಬಿಬರುತ್ತದೆ. ಚೆನ್ನಾಗಿದ್ದೀಯಾ ಅಮ್ಮ ಎಂದು ಮಗಳು ಕೇಳುತ್ತಾಳೆ, ಡೊನಾ ಸಿಡಿಯುತ್ತಾಳೆ. ಎದ್ದು ಹೋದವಳು ಸ್ವಲ್ಪ ಹೊತ್ತಿಗೆ ಗೋಡೆಯನ್ನೇ ಒಡೆದುಕೊಂಡು ಕಾರಿನಲ್ಲಿ ಒಳಗೆ ಬರುತ್ತಾಳೆ.

ಗೋಡೆ ಒಡೆದ ಕಾರಿನ ಬಗ್ಗೆ ಜನ ಮಾತಾಡಿದ್ದು ಸಹಜವೇ. ನನಗೆ ಮಾತ್ರ ಆ ಕಾರಿಗಿಂತ ಆ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಗೆಳೆಯನ ಪಕ್ಕದಲ್ಲಿ ಕುಳಿತು ನೋಡಿದಾಗ ನಾನು ಪೂರ್ತಿಯಾಗಿ ಡೊನಾಳ ಕಡೆ ವಾಲಿದೆ. ಬೆಳಗಿನಿಂದ ಒಲೆಯ ಮುಂದೆ ನಿಂತವಳ ಕಿವಿಗೆ ಆ ಮಾತು ಕಾಳಜಿಯಾಗಿ ಬೀಳುವುದಿಲ್ಲ, ತೀರ್ಪಾಗಿ ಬೀಳುತ್ತದೆ: ನೀನು ಸರಿಯಿಲ್ಲ ಎಂದು ನಮಗೆಲ್ಲ ಕಾಣುತ್ತಿದೆ ಎಂಬ ತೀರ್ಪು. ಅದಕ್ಕೂ ಮುಂಚೆ ಅಡುಗೆಮನೆಯಲ್ಲಿ ಅವಳು ಹೇಳಿಕೊಳ್ಳುವ ಅಳಲು ಇದೆಯಲ್ಲ, ತಾನು ಇವರಿಗಾಗಿ ಎಲ್ಲವನ್ನೂ ಸುಂದರವಾಗಿ ಮಾಡುತ್ತೇನೆ, ತನಗಾಗಿ ಯಾರೂ ಏನನ್ನೂ ಸುಂದರವಾಗಿ ಮಾಡುವುದಿಲ್ಲ ಎಂದು, ಅದನ್ನು ಕೇಳಿ ಬೆಚ್ಚಿದ ತಾಯಂದಿರು ಬಹಳ. ಅವರಲ್ಲಿ ಒಬ್ಬರು ನನಗೆ ಹೇಳಿದ್ದು: ‘ಅವಳು ಮಾಡಿದ್ದನ್ನು ನಾನು ಎಂದೂ ಮಾಡಲಾರೆ, ಆದರೆ ಅವಳು ಹೇಳಿದ್ದನ್ನು ಪ್ರತಿ ಹಬ್ಬದಲ್ಲೂ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ.’

ಇದೇ ಮನೆಯ ಮಹಡಿಯಲ್ಲಿ ಇನ್ನೊಂದು ದೃಶ್ಯವಿದೆ, ಅದರ ಬಗ್ಗೆ ಮಾತು ಕಡಿಮೆ. ಬಸುರಿಯಾದ ಟಿಫಾನಿ ವಾಕರಿಕೆಯಿಂದ ಮಲಗಿದ್ದಾಳೆ. ಗಂಡ ರಿಚಿ, ಮೈಕಿಯ ಆಪ್ತ ಗೆಳೆಯ, ಅವಳ ಪಕ್ಕದಲ್ಲಿದ್ದಾನೆ. ಮುಂದೆ ಈ ದಂಪತಿ ಬೇರೆಯಾಗುತ್ತಾರೆಂದು ನಮಗೆ ಗೊತ್ತಿರುವುದರಿಂದ ಆ ಮೃದುತ್ವವನ್ನು ನೋಡುವುದೇ ಕಷ್ಟವಾಗುತ್ತದೆ. ಕೆಳಗಿನ ಗದ್ದಲದಲ್ಲಿ ಯಾರಿಗೂ ಸಾಧ್ಯವಾಗದ ಒಂದು ಕೆಲಸ ಮೇಲೆ ಸಲೀಸಾಗಿ ನಡೆಯುತ್ತಿರುತ್ತದೆ: ಒಬ್ಬರಿಗೆ ಏನು ಬೇಕು ಎಂದು ಇನ್ನೊಬ್ಬರು ತಿಳಿದುಕೊಳ್ಳುವುದು.

ಮೂರನೆಯ ಸಲ ನೋಡಿದ್ದು ಅಕ್ಕನ ಜೊತೆ. ಗೆಳೆಯನಿಂದ ಕಲಿತದ್ದನ್ನೆಲ್ಲ ಅವಳಿಗೆ ಉತ್ಸಾಹದಿಂದ ವಿವರಿಸಿದೆ. ನ್ಯಾಟಲಿ ಕೇಳಬೇಕಾದದ್ದು ‘ಏನು ಬೇಕು’ ಎಂದು, ಅವಳು ತಪ್ಪು ಪ್ರಶ್ನೆ ಕೇಳಿದಳು ಎಂದೆ. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: ‘ಅವಳು ಅಮ್ಮನಿಗಾಗಿ ಕೇಳುತ್ತಿಲ್ಲ. ಈ ರಾತ್ರಿ ಹೇಗೆ ಕಳೆಯುತ್ತದೆ ಎಂದು ತಿಳಿಯಲು ಕೇಳುತ್ತಿದ್ದಾಳೆ.’

ನಾನು ಸುಮ್ಮನಾದೆ. ನಾವಿಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಆದರೆ ಅವಳು ನನಗಿಂತ ಏಳು ವರ್ಷ ದೊಡ್ಡವಳು. ನಾನು ನಿದ್ದೆಹೋದ ಮೇಲೆ ನಡೆದದ್ದನ್ನು ಅವಳು ಎಚ್ಚರವಿದ್ದು ಕೇಳಿಸಿಕೊಂಡಿದ್ದಾಳೆ. ಪಾತ್ರೆ ಇಡುವ ಸದ್ದಿನಿಂದಲೇ ಮನೆಯ ಹವಾಮಾನ ಹೇಳಬಲ್ಲ ಮಕ್ಕಳಿರುತ್ತಾರೆ, ಅಂಥ ಮಗು ಅವಳು. ನ್ಯಾಟಲಿ ಒಳಗೂ ಹೊರಗೂ ಸುಳಿದಾಡುತ್ತಾ, ಬಾಗಿಲಲ್ಲಿ ಅರೆಗಳಿಗೆ ನಿಂತು ತಾಯಿಯ ಬೆನ್ನನ್ನು ಓದುವ ರೀತಿಯನ್ನು ನಾನು ಎರಡು ಸಲ ನೋಡಿಯೂ ಗಮನಿಸಿರಲಿಲ್ಲ. ಅಕ್ಕ ಬೇರೇನನ್ನೂ ನೋಡುತ್ತಿರಲಿಲ್ಲ. ಒಲೆಯ ಕಡೆ ನಿಂತು ಕೇಳಿದರೆ ಆ ಪ್ರಶ್ನೆ ದೋಷಾರೋಪ. ಬಾಗಿಲ ಕಡೆ ನಿಂತು ಕೇಳಿದರೆ ಅದು ಸುನಾಮಿಯ ಮುನ್ನ ಸಮುದ್ರದತ್ತ ನೋಡಿದ ಹಾಗೆ. ಒಂದೇ ವಾಕ್ಯ ಎರಡು ಕಿವಿಗಳಲ್ಲಿ ಹೀಗೆ ಎರಡಾಗುವುದರಿಂದಲೇ ಈ ಕಂತನ್ನು ನೋಡಿದವರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ ಎಂದು ನನ್ನ ಎಣಿಕೆ. ಡೊನಾಳನ್ನು ದೂರುವವರೂ ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ, ಮನ್ನಿಸುವವರೂ ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ.

ಇಷ್ಟು ನೋವಿನ ಕಂತು ಹಾಸ್ಯದ ವಿಭಾಗದಲ್ಲಿ ಪ್ರಶಸ್ತಿ ಗೆದ್ದದ್ದು ಇನ್ನೊಂದು ವಿವಾದ. ಅಮೆರಿಕದ ಟಿವಿ ಪ್ರಶಸ್ತಿಗಳಾದ ಎಮ್ಮಿಯ 2024ರ ಸೆಪ್ಟೆಂಬರ್‌ ಸಮಾರಂಭಗಳಲ್ಲಿ ‘ಫಿಶಸ್’ಗಾಗಿ ಸ್ಟೋರರ್‌ಗೆ ನಿರ್ದೇಶನದ ಪ್ರಶಸ್ತಿ, ಕರ್ಟಿಸ್‌ಗೂ ಮೈಕಿಯಾಗಿ ನಟಿಸಿದ ಜಾನ್ ಬರ್ನ್‌ಥಾಲ್‌ಗೂ ಅತಿಥಿ ನಟರ ಪ್ರಶಸ್ತಿ ಬಂದವು, ಆ ವರ್ಷ ಒಟ್ಟು 11 ಎಮ್ಮಿ ಗೆದ್ದು ‘ದಿ ಬೇರ್’ ಹಾಸ್ಯ ಸರಣಿಗಳಲ್ಲೇ ದಾಖಲೆ ಬರೆಯಿತು. ಇದು ಹಾಸ್ಯವೇ ಎಂಬ ಪ್ರಶ್ನೆ ವೇದಿಕೆಯ ಮೇಲೂ ಕೇಳಿಬಂತು. ವಿಭಾಗದ ಹೆಸರಿನ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ಒಂದನ್ನು ಮಾತ್ರ ಹೇಳಬೇಕು: ಈ ಕಂತಿನಲ್ಲಿ ನಗು ಇದೆ, ಆ ನಗುವೂ ನೋವಿನ ಭಾಗವೇ. ಪಾಪದ ಪೀಟ್, ನ್ಯಾಟಲಿಯ ಗಂಡ, ಪ್ರೀತಿಯಿಂದ ಒಂದು ಟ್ಯೂನಾ ಖಾದ್ಯ ತರುತ್ತಾನೆ. ಏಳು ಮೀನಿನ ಮನೆಗೆ ಎಂಟನೆಯ ಮೀನು ತಂದನೆಂದು ಎಲ್ಲರೂ ಅವನ ಮೇಲೆ ಬೀಳುತ್ತಾರೆ. ನಾವು ನಗುತ್ತೇವೆ. ಆದರೆ ಆ ಇಡೀ ರಾತ್ರಿ ಡೊನಾಳಿಗಾಗಿ ಏನನ್ನಾದರೂ ಮಾಡಿಕೊಂಡು ಬಂದವನು ಅವನೊಬ್ಬನೇ.

ಇದರ ಮರುಕಂತಿನ ಹೆಸರು ‘ಫೋರ್ಕ್ಸ್’. ಹಿಂದಿನ ಕಂತಿನಲ್ಲಿ ಮೈಕಿ ಎಸೆದ ಅದೇ ವಸ್ತುವನ್ನು ಈಗ ರಿಚಿ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ ನಿಂತು ಒಂದೊಂದಾಗಿ ಒರೆಸಿ ಹೊಳಪಿಸುತ್ತಾನೆ. ಆ ಭಾಗಗಳನ್ನು ಚಿತ್ರಿಸಿದ್ದು ಷಿಕಾಗೊದಲ್ಲಿ ಕರ್ಟಿಸ್ ಡಫಿ ನಡೆಸುತ್ತಿದ್ದ ‘ಎವರ್’ ಎಂಬ ರೆಸ್ಟೋರೆಂಟಿನಲ್ಲಿ. ‘ಫಿಶಸ್’ ಮುಗಿಸಿ ನಿದ್ದೆ ಬಾರದೆ ‘ಫೋರ್ಕ್ಸ್’ ಹಾಕಿಕೊಂಡವರು ಅತ್ತದ್ದು ಎರಡನೆಯದರಲ್ಲಿ ಎಂದು ಹಲವರಿಂದ ಕೇಳಿದ್ದೇನೆ, ನನ್ನ ಅನುಭವವೂ ಅದೇ. ಯಾರಿಗಾಗಿಯೋ ಒಂದನ್ನು ಸುಂದರವಾಗಿ ಮಾಡುವುದು ಡೊನಾಳ ಮನೆಯಲ್ಲಿ ಹೊರೆಯಾಗಿತ್ತು. ಇಲ್ಲಿ ಅದನ್ನು ಹಲವರು ಹಂಚಿಕೊಂಡಿದ್ದಾರೆ, ಆದ್ದರಿಂದ ಅದು ರಿಚಿಯನ್ನು ಮೇಲೆತ್ತುತ್ತದೆ.

ಡೊನಾ ಆ ಸೀಸನ್ನಿನ ಕೊನೆಯ ಕಂತಿನಲ್ಲಿ ಮತ್ತೆ ಬರುತ್ತಾಳೆ. ಮಕ್ಕಳ ಹೊಸ ರೆಸ್ಟೋರೆಂಟಿನ ಮೊದಲ ರಾತ್ರಿ. ಅವಳು ಹೊರಗೆ ನಿಂತಿದ್ದಾಳೆ, ಒಳಗೆ ಬರುವುದಿಲ್ಲ. ಅವಳನ್ನು ಕಂಡು ಹೊರಗೆ ಬಂದವನು ಅದೇ ಪೀಟ್. ಒಳಗಿನ ಒಳ್ಳೆಯದನ್ನು ನೋಡುವ ಅರ್ಹತೆ ತನಗಿಲ್ಲ ಎಂಬ ಅರ್ಥದ ಮಾತಾಡುತ್ತಾಳೆ. ನ್ಯಾಟಲಿ ಬಸುರಿ ಎಂಬ ಸುದ್ದಿ ಅವನ ಬಾಯಿಂದ ಅರಿವಿಲ್ಲದೆ ಜಾರಿಬೀಳುತ್ತದೆ. ತಾಯಿಗೆ ಅದು ಗೊತ್ತೇ ಇರಲಿಲ್ಲ. ಅವಳನ್ನು ಒಳಗೆ ಕರೆತರಬೇಕಿತ್ತೇ ಎಂದು ನಾನೂ ಅಕ್ಕನೂ ಬಹಳ ಹೊತ್ತು ವಾದಿಸಿದೆವು. ಕರೆತರಬೇಕಿತ್ತು ಎಂದು ನಾನು. ಬೇಡವಾಗಿತ್ತು, ಅಂದು ಒಳಗೆ ಬಾರದಿದ್ದದ್ದೇ ಅವಳು ಮಕ್ಕಳಿಗೆ ಕೊಟ್ಟ ಉಡುಗೊರೆ ಎಂದು ಅಕ್ಕ.

2024ರಲ್ಲಿ ಬಂದ ಮೂರನೆಯ ಸೀಸನ್ನಿನ ‘ಐಸ್ ಚಿಪ್ಸ್’ ಕಂತು ಆಗ ಡೊನಾಳನ್ನು ದೂರಿದ್ದ ಅನೇಕರ ಮನಸ್ಸನ್ನು ಅಲುಗಾಡಿಸಿತು. ಹೆರಿಗೆ ನೋವು ಶುರುವಾದ ನ್ಯಾಟಲಿಗೆ ಬೇರೆ ಯಾರೂ ಫೋನಿಗೆ ಸಿಗುವುದಿಲ್ಲ, ಕೊನೆಗೆ ತಾಯಿಗೆ ಕರೆ ಮಾಡುತ್ತಾಳೆ. ಇಬ್ಬರೂ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಸಿಕ್ಕಿಬೀಳುತ್ತಾರೆ. ಡೊನಾ ಮೊದಮೊದಲು ಹಳೆಯ ಡೊನಾಳೇ, ಮಾತು ನಿಲ್ಲುವುದಿಲ್ಲ, ಎಲ್ಲದರಲ್ಲೂ ಕೈಹಾಕುತ್ತಾಳೆ. ಆಮೇಲೆ ನಿಧಾನವಾಗಿ ಆ ಕೋಣೆಗೆ ರೆಸ್ಟೋರೆಂಟಿನ ಅಡುಗೆಮನೆಯ ಶಿಸ್ತು ಬರುತ್ತದೆ: ನೋವು ಬಂದಾಗ ಹೇಗೆ ಉಸಿರಾಡಬೇಕು, ಈಗ ಏನು ಬೇಕು, ತಗೋ ಮಂಜಿನ ಚೂರು. ಚಿಕ್ಕಂದಿನಲ್ಲಿ ತನಗಾದ ಭಯವನ್ನು ಮಗಳು ಬಾಯಿಬಿಟ್ಟು ಹೇಳುತ್ತಾಳೆ, ತಾಯಿ ತಡೆಯದೆ ಕೇಳಿಸಿಕೊಳ್ಳುತ್ತಾಳೆ. ಇದರಿಂದ ಡೊನಾಳ ಲೆಕ್ಕ ಚುಕ್ತಾ ಆಯಿತೆಂದು ಹೇಳಿದವರನ್ನು ನಾನು ಒಪ್ಪುವುದಿಲ್ಲ. 2025ರ ನಾಲ್ಕನೆಯ ಸೀಸನ್ನಿನಲ್ಲಿ ಅವಳು ಕ್ಷಮೆ ಕೇಳಿ ಬರೆದದ್ದನ್ನು ಕಾರ್ಮಿಯ ಮುಂದೆ ಓದುವಾಗಲೂ ಲೆಕ್ಕ ಮುಗಿಯುವುದಿಲ್ಲ. ಆದರೆ ಓದಿ ಮುಗಿಸಿದ ಮೇಲೆ ಕಾರ್ಮಿ ಅವಳಿಗೊಂದು ಊಟ ಮಾಡಿಕೊಡುತ್ತಾನೆ. ಅವಳು ಕುಳಿತಿರುತ್ತಾಳೆ, ಒಲೆಯ ಮುಂದೆ ಅವನಿರುತ್ತಾನೆ. ಎಲ್ಲಿಯೂ ಟೈಮರ್ ಕಿರುಚಾಟವಿಲ್ಲ.

ಆ ಕಂತನ್ನು ನೋಡಿದ ಮರುವಾರ ಅಕ್ಕ ತಾನಾಗಿಯೇ ‘ಫಿಶಸ್’ ಹಾಕಿಸಿದಳು. ಪೂರ್ತಿ ಬೇಡ, ಊಟದ ಮೇಜಿನಿಂದ ಮುಂದೆ ಸಾಕು ಎಂದಳು. ನ್ಯಾಟಲಿ ಬಾಯಿ ತೆರೆಯುವ ಮುಂಚಿನ ಗಳಿಗೆಯಲ್ಲಿ ನಿಲ್ಲಿಸಲು ಹೇಳಿ, ನಿಂತ ಚಿತ್ರವನ್ನೇ ನೋಡುತ್ತಾ ಕುಳಿತಳು. ಈ ಸಲ ಅವಳು ನೋಡುತ್ತಿದ್ದದ್ದು ಮಗಳನ್ನಲ್ಲ, ಮೇಜಿನ ಆಚೆ ತುದಿಯನ್ನು. ‘ಇವಳ ಮುಂದೆ ಯಾರಾದರೂ ಊಟ ಬಡಿಸಿದ್ದಾರಾ, ನೋಡು’ ಎಂದಳು. ನಾನು ಪರದೆಯ ಹತ್ತಿರಕ್ಕೆ ಹೋಗಿ ಬಗ್ಗಿ ನೋಡಿದೆ.